ಬ್ಲೆಂಡರ್ ವಾರಿಂಗ್, ಕೋರಸ್ ವಾರಿಂಗ್ ಇಬ್ಬರೂ ಒಬ್ಬರೇನಾ?

ಅಮೆರಿಕದ ಬ್ಯಾಂಡ್ ಮತ್ತು ಕೋರಸ್ ನಿರ್ದೇಶಕ ಫ್ರೆಡ್ ವಾರಿಂಗ್ ಹೆಸರು ಎತ್ತಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: “ಬ್ಲೆಂಡರ್ ಮೇಲೆ ವಾರಿಂಗ್ ಅಂತ ಇರುತ್ತಲ್ಲ, ಹಳೇ ಕೋರಸ್ ರೆಕಾರ್ಡುಗಳ ವಾರಿಂಗ್ ಅವನೇನಾ? ಬ್ಯಾಂಡ್ ನಡೆಸುವವನು ಮಿಕ್ಸಿ ಕಂಡುಹಿಡಿದನಂತೆ?”

ಅವನೇ ಹೌದು, ಆದರೆ ಕಂಡುಹಿಡಿದದ್ದು ಅವನಲ್ಲ. ಜಾರಿನ ತಳದಲ್ಲಿ ಬ್ಲೇಡು ತಿರುಗುವ ಯಂತ್ರಕ್ಕೆ ಸ್ಟೀಫನ್ ಪೊಪ್ಲಾವ್ಸ್ಕಿ 1922ರಲ್ಲೇ ಪೇಟೆಂಟ್ ಪಡೆದಿದ್ದ. ಫ್ರೆಡರಿಕ್ ಓಸಿಯಸ್ ಅನ್ನುವವನು ತನ್ನದೊಂದು ಮಾದರಿ ಹಿಡಿದುಕೊಂಡು 1936ರಲ್ಲಿ ವಾರಿಂಗ್ ಹತ್ತಿರ ಬಂದ. ಯಂತ್ರ ಇನ್ನೂ ಸರಿಯಾಗಿ ಓಡುತ್ತಿರಲಿಲ್ಲ. ವಾರಿಂಗ್ ದುಡ್ಡು ಹಾಕಿದ, ಬೇರೆಯವರ ಕೈಲಿ ತಿದ್ದಿಸಿದ, 1937ರಲ್ಲಿ ‘ಮಿರಾಕಲ್ ಮಿಕ್ಸರ್’ ಹೆಸರಿನಲ್ಲಿ ಮಾರಾಟಕ್ಕಿಟ್ಟ. ಬೆಲೆ 29 ಡಾಲರ್ 75 ಸೆಂಟ್. ಮುಂದೆ ‘ಬ್ಲೆಂಡರ್’ ಅನ್ನುವ ಪದದ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ‘ಇ’ ತೆಗೆದು ‘ಓ’ ಹಾಕಿ ಅದನ್ನೇ ತನ್ನ ಬ್ರ್ಯಾಂಡ್ ಮಾಡಿಕೊಂಡ. 1952ರಲ್ಲಿ ಹರ್ಷೀ ಮತ್ತು ಚೇಸ್ ಎಂಬ ವಿಜ್ಞಾನಿಗಳು ಬ್ಯಾಕ್ಟೀರಿಯಾಕ್ಕೆ ಅಂಟಿದ ವೈರಸ್ಸುಗಳ ಹೊರಕವಚವನ್ನು ಬಿಡಿಸಲು ಬಳಸಿದ್ದೂ ಇದೇ ಯಂತ್ರವನ್ನು. ಜೀವಶಾಸ್ತ್ರದವರಿಗೆ ಅದು ಇವತ್ತಿಗೂ ‘ವಾರಿಂಗ್ ಬ್ಲೆಂಡರ್ ಪ್ರಯೋಗ’. ಅಂದಹಾಗೆ ಇದರಲ್ಲಿ ಚಟ್ನಿ ರುಬ್ಬಲು ಹೋಗಬೇಡಿ. ದ್ರವ ಸುಳಿಯಾಗಿ ತಿರುಗಲಿ ಎಂದು ಮಾಡಿದ ಜಾರು ಅದು. ನೀರು ಕಡಿಮೆಯಾದರೆ ಕಾಯಿತುರಿ ಗೋಡೆಗೆ ಅಂಟಿಕೊಂಡು ಬ್ಲೇಡು ಬರೀ ಗಾಳಿಯಲ್ಲಿ ಸುತ್ತುತ್ತದೆ. ನಮ್ಮ ಮಿಕ್ಸಿಯ ವಂಶ ಬೇರೆ, ಅದು ಸುಮೀತ್‌ನಿಂದ ಶುರುವಾದದ್ದು.

ವಾರಿಂಗ್ ತಂಡದ ನಿಜವಾದ ಕಸುಬು ಇರುವುದು ಹಾಡುವವರ ಕೈಯ ಹಾಳೆಯಲ್ಲಿ, ಸಾಹಿತ್ಯದ ಕೆಳಗೆ ಅಚ್ಚಾದ ಇನ್ನೊಂದು ಸಾಲಿನಲ್ಲಿ. ಅದರ ಬಗ್ಗೆ ಕೇಳುವವರು ಕಡಿಮೆ. ಹಾಗಾಗಿ ಬ್ಲೆಂಡರ್ ನೆಪದಲ್ಲಿ ಅದನ್ನೇ ಹೇಳುತ್ತೇನೆ.

ವಾರಿಂಗ್ ಹುಟ್ಟಿದ್ದು 1900ರ ಜೂನ್ 9ರಂದು, ಪೆನ್ಸಿಲ್ವೇನಿಯಾದ ಟೈರೋನ್ ಎಂಬ ಊರಿನಲ್ಲಿ. ತಮ್ಮ ಟಾಮ್, ಡ್ರಮ್ ಬಾರಿಸುವ ಗೆಳೆಯ ಪೋಲಿ ಮೆಕ್ಲಿಂಟಾಕ್ ಜೊತೆ ಸೇರಿ ಕಟ್ಟಿದ ಬ್ಯಾಂಜೊ ಬ್ಯಾಂಡೇ ಮುಂದೆ ‘ಪೆನ್ಸಿಲ್ವೇನಿಯನ್ಸ್’ ಆಯಿತು. ಓದುತ್ತಿದ್ದ ಪೆನ್ ಸ್ಟೇಟ್ ಕಾಲೇಜಿನ ಗಾಯನ ತಂಡಕ್ಕೆ ಮಾತ್ರ ಆತನನ್ನು ಸೇರಿಸಿಕೊಳ್ಳಲೇ ಇಲ್ಲ. 1925ರಲ್ಲಿ ವಿಕ್ಟರ್ ರೆಕಾರ್ಡ್ ಕಂಪನಿಗೆ ಮಾಡಿದ ‘ಕೊಲೀಜಿಯೆಟ್’ ರೆಕಾರ್ಡು ಹೆಸರು ತಂದಿತು. ಆಗ ಅದು ಕುಣಿತದ ಬ್ಯಾಂಡು, ಹಾಡು ನಡುನಡುವೆ ಬರುತ್ತಿತ್ತು ಅಷ್ಟೆ. ರೇಡಿಯೊ ಬಂದ ಮೇಲೆ ಹಾಡುವವರೇ ಮುಂದಾದರು.

ರೇಡಿಯೊ ಜೊತೆ ಜಗಳವೂ ಬಂತು. ಫಿಲಡೆಲ್ಫಿಯಾದ ಡಬ್ಲ್ಯೂಡಿಎಎಸ್ ಕೇಂದ್ರ ಆತನ ರೆಕಾರ್ಡುಗಳನ್ನು ದುಡ್ಡು ಕೊಡದೆ ಬಿತ್ತರಿಸುತ್ತಿತ್ತು. ರೆಕಾರ್ಡಿನ ಮೇಲೆ ‘ರೇಡಿಯೊ ಪ್ರಸಾರಕ್ಕಲ್ಲ’ ಎಂದು ಅಚ್ಚಾಗಿದ್ದರೂ ಲೆಕ್ಕಕ್ಕಿಟ್ಟಿರಲಿಲ್ಲ. ವಾರಿಂಗ್ ಕೋರ್ಟಿಗೆ ಹೋದ, 1937ರಲ್ಲಿ ಪೆನ್ಸಿಲ್ವೇನಿಯಾ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಸ್ವರ ಬರೆದವನಿಗಷ್ಟೇ ಅಲ್ಲ, ಅದಕ್ಕೆ ತನ್ನ ವಿಶಿಷ್ಟ ರೂಪ ಕೊಟ್ಟು ಹಾಡಿಸಿದವನಿಗೂ ಹಕ್ಕಿದೆ ಎಂಬುದು ತೀರ್ಪಿನ ತಿರುಳು. ಮೂರೇ ವರ್ಷದಲ್ಲಿ ಇನ್ನೊಬ್ಬ ಬ್ಯಾಂಡ್ ನಿರ್ದೇಶಕ ಪಾಲ್ ವೈಟ್‌ಮನ್ ಮೊಕದ್ದಮೆಯಲ್ಲಿ ಫೆಡರಲ್ ಕೋರ್ಟು ಇದಕ್ಕೆ ಉಲ್ಟಾ ಹೇಳಿತು, ಆ ಮಾತು ಬೇರೆ.

ಈಗ ಆ ಎರಡನೇ ಸಾಲಿಗೆ ಬರೋಣ. ಇಂಗ್ಲಿಷಿನಲ್ಲಿ ಅದನ್ನು ‘ಟೋನ್ ಸಿಲಬಲ್ಸ್’ ಅನ್ನುತ್ತಾರೆ. ಹಾಡಿನ ಪದ ಮೇಲಿನ ಸಾಲಿನಲ್ಲಿ, ಬಾಯಿಂದ ಹೊರಡಬೇಕಾದ ಸದ್ದು ಕೆಳಗಿನ ಸಾಲಿನಲ್ಲಿ. ಇಂಗ್ಲಿಷ್ ಕಾಗುಣಿತಕ್ಕೂ ಉಚ್ಚಾರಕ್ಕೂ ತಾಳಮೇಳ ಇಲ್ಲದ್ದರಿಂದ ಅವರಿಗೆ ಇದು ಬೇಕೇ ಬೇಕಿತ್ತು.

‘ನೈಟ್’ ಅನ್ನುವ ಪದ ನಾಲ್ಕು ಬೀಟಿನ ಸ್ವರದ ಮೇಲೆ ಕೂತಿದೆ ಅಂದುಕೊಳ್ಳಿ. ‘ಐ’ ಅನ್ನುವುದರಲ್ಲಿ ಎರಡು ಸದ್ದಿವೆ, ಆ ಮತ್ತು ಇ. ಬಾಯಿ ಆಕಾರದಲ್ಲೇ ನಿಲ್ಲಬೇಕು, ಮೂರೂವರೆ ಬೀಟು. ಉಳಿದ ಅರ್ಧದಲ್ಲಿ ಇಕಾರ ತಾಗಿಸಿ, ಐದನೇ ಎಣಿಕೆ ಬೀಳುವಾಗ ಟಕಾರ. ಬರೆದುಕೊಳ್ಳುವುದು ಹೀಗೆ: ನಾ—ಇಟ್. ತಪ್ಪುವುದು ಎಲ್ಲಿ ಅಂದರೆ, ಕೆಲವರು ಎರಡನೇ ಬೀಟಿಗೇ ಇಕಾರಕ್ಕೆ ಜಾರುತ್ತಾರೆ. ಅರ್ಧ ತಂಡ ಆ, ಅರ್ಧ ತಂಡ ಇ. ಶ್ರುತಿ ಸರಿಯಾಗಿದ್ದರೂ ಕೇಳುವವರಿಗೆ ಅಪಶ್ರುತಿಯಂತೆ ಕೇಳುತ್ತದೆ. ತಂಡದ ಯಜಮಾನರು ಆಗ “ಶ್ರುತಿ ಸೇರಿಸಿ” ಎಂದು ಗದರಿಸುತ್ತಾರೆ. ರೋಗ ಒಂದು, ಮದ್ದು ಇನ್ನೊಂದು.

ಮ, ನ, ಙ, ಲ ಇವು ಸ್ವರದ ಮೇಲೆ ಎಳೆಯಬಹುದಾದ ವ್ಯಂಜನಗಳು. ‘ಹೋಮ್’ ಪದದ ಮ್‌ಗೆ ಒಂದು ಬೀಟು ಬೇಕೋ ಅರ್ಧ ಬೀಟು ಬೇಕೋ ಎಂದು ಮೊದಲೇ ಗೊತ್ತುಮಾಡಿ, ಎಲ್ಲರೂ ಒಟ್ಟಿಗೆ ತುಟಿ ಮುಚ್ಚಬೇಕು. ತುಟಿ ಮುಚ್ಚಿದೊಡನೆ ಸದ್ದು ತಗ್ಗುತ್ತದೆ, ಅದನ್ನು ಉಸಿರಿನಿಂದ ತುಂಬಿಸದಿದ್ದರೆ ಸಾಲು ಕುಸಿಯುತ್ತದೆ. ಪದದ ಕೊನೆಯ ಟ, ಡ, ಕಗಳನ್ನು ಸಾಧ್ಯವಾದಲ್ಲೆಲ್ಲ ಮುಂದಿನ ಪದದ ತಲೆಗೆ ಕಟ್ಟಬೇಕು. ಸಾಲು ಮುಗಿಯುವ ಕಡೆ ಕಟ್ಟಲು ಮುಂದೆ ಏನೂ ಇಲ್ಲ. ಅಲ್ಲಿ ಬಿಡುವ ಜಾಗ ಎಣಿಸಿಕೊಂಡಿಲ್ಲದಿದ್ದರೆ ಮೂವತ್ತು ಜನರ ಟಕಾರ ಒಗ್ಗರಣೆ ಸಾಸಿವೆ ಸಿಡಿದ ಹಾಗೆ ಕೇಳುತ್ತದೆ. ಸಕಾರ ಇನ್ನೂ ಕಷ್ಟ, ಮೈಕಿಗೆ ಹಾವು ಬುಸುಗುಟ್ಟಿದಂತೆ. ಅದನ್ನು ತಡವಾಗಿ ಹಿಡಿದು ಬೇಗ ಬಿಡುವುದೊಂದೇ ದಾರಿ. ಪದದ ಮೊದಲ ವ್ಯಂಜನವನ್ನು ಬೀಟಿಗಿಂತ ಕೂದಲೆಳೆ ಮುಂಚೆ ಹೇಳಿ, ಬೀಟಿನ ಮೇಲೆ ಸ್ವರಾಕ್ಷರ ಬೀಳಿಸಬೇಕು. ಇಲ್ಲವಾದರೆ ತಂಡ ಯಾವಾಗಲೂ ತಡವರಿಸಿದಂತೆ ಕಾಣುತ್ತದೆ.

ಇದರ ಅತಿರೇಕವೂ ಉಂಟು. ಸಿಕ್ಕಸಿಕ್ಕ ಮಕಾರವನ್ನೆಲ್ಲ ಗುನುಗಿದರೆ ಹಾಡು ಪಾಕ ಹೆಚ್ಚಾದ ಮಿಠಾಯಿ ಆಗುತ್ತದೆ. ವಾರಿಂಗ್ ತಂಡದ ಕೆಲವು ರೆಕಾರ್ಡುಗಳೇ ಹಾಗಿವೆ, ಅಭಿಮಾನದಿಂದ ಅದನ್ನು ಮುಚ್ಚಿಡಬೇಕಾಗಿಲ್ಲ. ಪೊಮೋನಾ ಕಾಲೇಜಿನಲ್ಲಿ ವಿದ್ಯಾರ್ಥಿ ತಂಡ ನಡೆಸುತ್ತಿದ್ದ ರಾಬರ್ಟ್ ಶಾನನ್ನು ಕಂಡು, 1938ರಲ್ಲಿ ನ್ಯೂಯಾರ್ಕಿಗೆ ಕರೆಸಿ ಗಾಯಕರನ್ನು ತಯಾರು ಮಾಡುವ ಕೆಲಸ ಕೊಟ್ಟಿದ್ದು ವಾರಿಂಗ್. ಶಾ ಮುಂದೆ ದೊಡ್ಡ ಶಾಸ್ತ್ರೀಯ ನಿರ್ದೇಶಕನಾದಾಗ ಪದ ಬಿಟ್ಟು ಒಂದು, ಎರಡು, ಮೂರು ಎಂದು ಎಣಿಕೆಯನ್ನೇ ಸ್ವರದಲ್ಲಿ ಹಾಡಿಸಿ ಅಭ್ಯಾಸ ಮಾಡಿಸುತ್ತಿದ್ದ. ಲಯ ಗಟ್ಟಿಯಾದ ಮೇಲೆ ಪದ. ನನ್ನ ಮಟ್ಟಿಗೆ ಎರಡೂ ಬೇಕು, ಎಣಿಕೆ ಮೊದಲು.

1943ರಲ್ಲಿ ವಾರಿಂಗ್ ಡೆಲವೇರ್ ನದಿ ದಂಡೆಯ ಶಾನಿಯಲ್ಲಿ ಹೋಟೆಲೊಂದನ್ನು ಕೊಂಡ. 1947ರಿಂದ ಅಲ್ಲಿ ಶಾಲೆ, ಚರ್ಚುಗಳ ತಂಡ ನಡೆಸುವವರಿಗೆ ಬೇಸಿಗೆ ಶಿಬಿರ. ರಾಯ್ ರಿಂಗ್‌ವಾಲ್ಡ್, ಹ್ಯಾರಿ ಸಿಮಿಯೋನ್, ಹಾಲಿ ಏಡ್ಸ್ ಮುಂತಾದವರು ಬೇರೆ ಬೇರೆ ದನಿಗಳ ಪಾರ್ಟುಗಳನ್ನು ಹೊಂದಿಸಿ ಬರೆದ ಹಾಡುಗಳನ್ನು ಶಾನಿ ಪ್ರೆಸ್ ಅಚ್ಚು ಹಾಕುತ್ತಿತ್ತು. ಹೊಂದಿಸಿದ್ದು ಇವರು, ತಿದ್ದಿ ತೀಡಿ ಹಾಡಿಸಿದ್ದು ವಾರಿಂಗ್. ರೆಕಾರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಇರುವುದು ಅವನ ಹೆಸರೇ. 1984ರ ಜುಲೈನಲ್ಲಿ ಪೆನ್ ಸ್ಟೇಟ್‌ನಲ್ಲಿ ಆ ವರ್ಷದ ಶಿಬಿರ ಮುಗಿಸಿದ ಬೆನ್ನಿಗೇ ಪಾರ್ಶ್ವವಾಯು ಬಡಿದು ತೀರಿಕೊಂಡ. ಆತನ ಹಾಳೆಗಳು, ರೆಕಾರ್ಡುಗಳು ಈಗ ಇರುವುದೂ, ಒಮ್ಮೆ ಹಾಡಲು ಬಿಡದ ಅದೇ ಪೆನ್ ಸ್ಟೇಟ್‌ನಲ್ಲಿ.

ಕನ್ನಡ ಕ್ವಾಯರಿಗೆ ಇದು ನಡೆಯುತ್ತದಾ ಎನ್ನುವುದು ಬಾಲಂಗೋಚಿ ಪ್ರಶ್ನೆ. ನಡೆಯುತ್ತದೆ, ಆದರೆ ತೊಡಕುಗಳು ಬೇರೆ. ನಮ್ಮಲ್ಲಿ ಐ, ಔ ಒಂದೊಂದೇ ಅಕ್ಷರ, ಹಾಗಾಗಿ ಅವು ಎರಡು ಸದ್ದು ಅನ್ನುವುದೇ ಮರೆತುಹೋಗುತ್ತದೆ. ‘ಮೌನ’ವನ್ನು ಮಅ—ಉನ ಎಂದು ಬರೆದು ಹಾಡಿಸಿ. ‘ತಂದೆ’ಯ ಸೊನ್ನೆಯನ್ನು ನ್ ಎಂದು ಬಿಡಿಸಿ ಬರೆದು ಅದಕ್ಕೊಂದು ಅಳತೆ ಕೊಡಿ. ‘ಅಪ್ಪ’ದ ಒತ್ತಿನಲ್ಲಿ ಎಳೆಯಲು ಸದ್ದೇ ಇಲ್ಲ, ಬಾಯಿ ಮುಚ್ಚಿದ ಮೌನ ಮಾತ್ರ. ಆದ್ದರಿಂದ ಮೊದಲ ಅಕಾರವನ್ನು ಉದ್ದ ಹಿಡಿದು, ಮೌನ ಎಷ್ಟು ಹೊತ್ತು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ‘ದೇವರು’ ಕೊನೆಯ ಉಕಾರವನ್ನು ಮಾತಿನಲ್ಲಿ ನಾವು ನುಂಗುತ್ತೇವೆ, ಹಾಡಿನಲ್ಲಿ ಕೆಲವರು ನುಂಗುತ್ತಾರೆ, ಕೆಲವರು ಎಳೆಯುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ, ಆದರೆ ಅಭ್ಯಾಸದ ಮೊದಲ ದಿನವೇ ಎಲ್ಲರ ಹಾಳೆಯಲ್ಲೂ ಒಂದೇ ಥರ ಬರೆಸಿಬಿಡಿ.