1812ರ ಯುದ್ಧದ ಜಾಡಿನಲ್ಲಿ: ವಾಷಿಂಗ್ಟನ್ ಮತ್ತು ಬಾಲ್ಟಿಮೋರ್

ವಾಷಿಂಗ್ಟನ್ನಿಗೆ ಹೋದ ನಮ್ಮವರಲ್ಲಿ ಕೆಲವರು ಬಾಲ್ಟಿಮೋರಿನ ಫೋರ್ಟ್ ಮೆಕ್‌ಹೆನ್ರಿ ಕೋಟೆಯನ್ನೂ ನೋಡಿ ಬರುತ್ತಾರೆ. ಕೋಟೆಯೊಂದನ್ನೇ ನೋಡಿದರೆ, ಬ್ರಿಟಿಷರ ದಾಳಿಯ ನಂತರವೂ ಅಲ್ಲಿ ಹಾರುತ್ತಿದ್ದು ಅಮೆರಿಕದ ರಾಷ್ಟ್ರಗೀತೆಗೆ ಸ್ಫೂರ್ತಿಯಾದ ಬಾವುಟದ ಕಥೆ ಮನಸ್ಸಿನಲ್ಲಿ ಉಳಿಯುತ್ತದೆಯೇ ಹೊರತು, ಸ್ವಾತಂತ್ರ್ಯ ಪಡೆದು ಮೂವತ್ತು ವರ್ಷಗಳೂ ಆಗಿರದ ದೇಶವೊಂದು ಬ್ರಿಟನ್ನಿನ ಮೇಲೆ ಮತ್ತೆ ಏಕೆ ಯುದ್ಧ ಸಾರಿತು ಎಂಬುದು ತಿಳಿಯುವುದಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ನಾನು ಮತ್ತು ನನ್ನ ಪತ್ನಿ ಮೊದಲು ಕೋಟೆಗೆ ಹೋಗಿ ಆಮೇಲೆ ರಾಜಧಾನಿಯ ಜಾಗಗಳನ್ನು ನೋಡಿದೆವು. ನೀವು ಹಾಗೆ ಮಾಡಬೇಡಿ. ವಾಷಿಂಗ್ಟನ್ನಿನಿಂದಲೇ ಆರಂಭಿಸಿ, ಇದಕ್ಕಾಗಿ ಎರಡೂವರೆ ದಿನ ಇಟ್ಟುಕೊಳ್ಳಿ.

ಮೊದಲು ನೋಡಬೇಕಾದದ್ದು ಶ್ವೇತಭವನದಿಂದ ನಡೆದೇ ಹೋಗಬಹುದಾದ ಆಕ್ಟಗನ್ ಹೌಸ್. ಬ್ರಿಟಿಷರು 1814ರ ಆಗಸ್ಟ್ 24ರಂದು ಶ್ವೇತಭವನವನ್ನು ಸುಟ್ಟ ಮೇಲೆ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ದಂಪತಿ ಇಲ್ಲಿ ವಾಸವಾಗಿದ್ದರು. ಮುಂಬಾಗಿಲಿನ ಮೇಲಿರುವ ದುಂಡನೆಯ ಕೋಣೆಯಲ್ಲಿ, 1815ರ ಫೆಬ್ರುವರಿ 17ರಂದು, ಮ್ಯಾಡಿಸನ್ ಈ ಯುದ್ಧವನ್ನು ಮುಗಿಸಿದ ಗೆಂಟ್ ಒಪ್ಪಂದಕ್ಕೆ ಅಂಗೀಕಾರದ ಸಹಿ ಹಾಕಿದರು. ಈ ಮನೆ ವಾರವಿಡೀ ತೆರೆದಿರುವುದಿಲ್ಲವಾದ್ದರಿಂದ, ಉಳಿದ ಊರುಗಳ ದಿನಗಳನ್ನು ಇದಕ್ಕೆ ಹೊಂದಿಸಿಕೊಳ್ಳುವುದು ಒಳ್ಳೆಯದು.

ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತು, ಯುದ್ಧ ಏಕೆ ನಡೆಯಿತೆಂದು ಯೋಚಿಸಬೇಕು. ನೆಪೋಲಿಯನ್ನನೊಂದಿಗೆ ಕಾದಾಡುತ್ತಿದ್ದ ಬ್ರಿಟನ್, ತಟಸ್ಥವಾಗಿದ್ದ ಅಮೆರಿಕದ ಹಡಗುಗಳು ಫ್ರಾನ್ಸಿನೊಂದಿಗೆ ವ್ಯಾಪಾರ ನಡೆಸದಂತೆ ತಡೆಯುತ್ತಿತ್ತು. ನಡುಸಮುದ್ರದಲ್ಲಿ ಹಡಗು ನಿಲ್ಲಿಸಿ, ತನ್ನ ನೌಕಾಪಡೆಯಿಂದ ಓಡಿಹೋದವರೆಂದು ಹೇಳಿ ಅಮೆರಿಕನ್ ನಾವಿಕರನ್ನೂ ಬಲವಂತವಾಗಿ ಎಳೆದೊಯ್ಯುತ್ತಿತ್ತು. 1807ರ ಜೂನಿನಲ್ಲಿ ಬ್ರಿಟಿಷ್ ಹಡಗು ಲೆಪರ್ಡ್, ಅಮೆರಿಕದ ಯುದ್ಧನೌಕೆ ಚೆಸಪೀಕ್ ಮೇಲೆ ಗುಂಡು ಹಾರಿಸಿ ನಾಲ್ವರನ್ನು ಹಿಡಿದೊಯ್ದಾಗಲೂ ಅಧ್ಯಕ್ಷ ಜೆಫರ್ಸನ್ ಯುದ್ಧಕ್ಕೆ ಇಳಿಯಲಿಲ್ಲ. ವ್ಯಾಪಾರವನ್ನೇ ಆಯುಧ ಮಾಡಿಕೊಂಡು, ಆ ವರ್ಷದ ಡಿಸೆಂಬರಿನಲ್ಲಿ ತಮ್ಮ ಹಡಗುಗಳು ವಿದೇಶಿ ಬಂದರುಗಳಿಗೆ ಹೊರಡದಂತೆ ಕಾಯಿದೆ ತಂದರು. ಬ್ರಿಟನ್ ಬಗ್ಗಲಿಲ್ಲ, ನ್ಯೂ ಇಂಗ್ಲೆಂಡಿನ ಬಂದರುಗಳು ಸೊರಗಿದವು. ಕೊನೆಗೆ 1812ರ ಜೂನ್ 18ರಂದು ಅಮೆರಿಕ ಯುದ್ಧ ಸಾರಿತು. ಐದೇ ದಿನಗಳ ಬಳಿಕ ಲಂಡನ್ ತನ್ನ ವ್ಯಾಪಾರ ನಿರ್ಬಂಧದ ಆದೇಶಗಳನ್ನು ಹಿಂತೆಗೆದುಕೊಂಡಿತು, ಆದರೆ ಹಡಗಿನಲ್ಲಿ ಬರಬೇಕಾದ ಸುದ್ದಿ ತಲುಪುವಷ್ಟರಲ್ಲಿ ಕಾಲ ಮಿಂಚಿತ್ತು. ಎರಡೂವರೆ ವರ್ಷ ಜನ ಸತ್ತ ಮೇಲೆ ಬಂದ ಒಪ್ಪಂದದಲ್ಲಿ ನಾವಿಕರನ್ನು ಎಳೆದೊಯ್ಯುವ ವಿಷಯದ ಪ್ರಸ್ತಾಪವೇ ಇಲ್ಲ ಎಂಬುದು ನನ್ನನ್ನು ಬಹಳ ಕಾಡಿತು.

ಸಮಯವಿದ್ದರೆ ಅದೇ ದಿನ, ವಾಷಿಂಗ್ಟನ್ನಿಗೆ ನುಗ್ಗುವ ಮೊದಲು ಬ್ರಿಟಿಷರು ಅಮೆರಿಕನ್ನರನ್ನು ಸೋಲಿಸಿದ ಬ್ಲಾಡೆನ್ಸ್‌ಬರ್ಗ್‌ಗೆ ಹೋಗಿ ಬನ್ನಿ. ಸ್ಮಾರಕವೊಂದನ್ನು ಬಿಟ್ಟರೆ ನೋಡಲು ಹೆಚ್ಚೇನೂ ಇಲ್ಲ. ಆದರೂ ಕನ್ನಡಿಗರಿಗೆ ಈ ಜಾಗ ಮುಖ್ಯವೆಂದು ನನ್ನ ಅಭಿಪ್ರಾಯ. ಇಲ್ಲಿ ಅಮೆರಿಕದ ನಾಗರಿಕ ಸೈನಿಕರನ್ನು ಕಂಗೆಡಿಸಿದ ಕಾಂಗ್ರೀವ್ ರಾಕೆಟ್ಟುಗಳ ಮೂಲ ನಮ್ಮ ಮೈಸೂರಿನಲ್ಲಿದೆ. ಹೈದರ್ ಮತ್ತು ಟಿಪ್ಪುವಿನ ಸೇನೆಯ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದ ಮೇಲೆ ವಿಲಿಯಂ ಕಾಂಗ್ರೀವ್ ಅವುಗಳ ಮಾದರಿಯನ್ನು ಆಧರಿಸಿ ತನ್ನವನ್ನು ರೂಪಿಸಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೆಯ ಬಾವಿಯೊಂದರಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳ ವಿಷಯ ಅಲ್ಲಿ ನಿಂತಾಗ ನೆನಪಾಯಿತು.

ಎರಡನೆಯ ದಿನ ಯೂನಿಯನ್ ಸ್ಟೇಷನ್ನಿನಿಂದ ಮಾರ್ಕ್ ರೈಲಿನಲ್ಲಿ ಬಾಲ್ಟಿಮೋರಿಗೆ ಹೊರಡಿ. ಸುಮಾರು ಒಂದು ಗಂಟೆಯ ದಾರಿ. ಕ್ಯಾಮ್ಡನ್ ಮಾರ್ಗದ ರೈಲುಗಳು ಶನಿವಾರ, ಭಾನುವಾರ ಓಡುವುದಿಲ್ಲ, ಆ ದಿನಗಳಲ್ಲಿ ಪೆನ್ ಮಾರ್ಗವನ್ನೇ ಹಿಡಿಯಬೇಕು. ಮೊದಲು ಪ್ರಾಟ್ ಬೀದಿಯಲ್ಲಿರುವ, ಕೋಟೆಯ ಆ ಬಾವುಟವನ್ನು ಹೊಲಿದ ಮೇರಿ ಪಿಕರ್ಸ್‌ಗಿಲ್ ಅವರ ಮನೆಯನ್ನು ನೋಡಿ. 30 ಅಡಿ ಅಗಲ, 42 ಅಡಿ ಉದ್ದದ ಬಾವುಟವನ್ನು ಹರಡಲು ಆ ಮನೆಯಲ್ಲಿ ಜಾಗ ಸಾಲದೆ, ಹತ್ತಿರದ ಬಿಯರ್ ತಯಾರಿಕೆಯ ಕಟ್ಟಡವೊಂದರ ನೆಲದ ಮೇಲೆ ಅದನ್ನು ಜೋಡಿಸಿದರು. ಹೊಲಿದವರಲ್ಲಿ ಗ್ರೇಸ್ ವಿಷರ್ ಎಂಬ ಕಪ್ಪು ಹುಡುಗಿಯೂ ಇದ್ದಳು ಎನ್ನುತ್ತಾರೆ. ಬಾವುಟಕ್ಕೆ ಕೊಟ್ಟ ಬೆಲೆ 405 ಡಾಲರ್ 90 ಸೆಂಟ್.

ಕೋಟೆಗೆ ಬ್ಯಾನರ್ ಮಾರ್ಗದ ಉಚಿತ ನಗರ ಬಸ್ ಹೋಗುತ್ತದೆ. ಸುತ್ತಲಿನ ಹುಲ್ಲುಗಾವಲಿಗೆ ಶುಲ್ಕವಿಲ್ಲ, ನಕ್ಷತ್ರಾಕಾರದ ಕೋಟೆಯ ಒಳಗೆ ಹೋಗಲು ಟಿಕೆಟ್ ಬೇಕು. 1814ರ ಸೆಪ್ಟೆಂಬರ್ 13ರಿಂದ 25 ಗಂಟೆಗಳ ಕಾಲ ಬ್ರಿಟಿಷ್ ಹಡಗುಗಳು ಬಾಂಬ್ ಸುರಿಸಿದರೂ ಒಳಗಿದ್ದ ಸುಮಾರು ಸಾವಿರ ಜನರಲ್ಲಿ ಸತ್ತವರು ನಾಲ್ವರು. ಮದ್ದುಗುಂಡಿನ ಕೋಣೆಯ ಮೇಲೆ ಬಿದ್ದ ಬಾಂಬ್ ಸಿಡಿಯಲಿಲ್ಲ. ಸಿಡಿದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಬೆಳಿಗ್ಗೆ ಬಾವುಟ ಏರಿಸುವ, ಸಂಜೆ ಇಳಿಸುವ ಹೊತ್ತನ್ನು ಕೇಳಿಕೊಂಡೇ ಹೋಗಿ. ಗಾಳಿ ಜೋರಾಗಿದ್ದರೆ ಚಿಕ್ಕ ಬಾವುಟವನ್ನೇ ಹಾರಿಸುತ್ತಾರೆ. ನಮ್ಮ ಅದೃಷ್ಟಕ್ಕೆ ಆ ಸಂಜೆ ದೊಡ್ಡದೇ ಇತ್ತು. ಬಾವುಟ ನೆಲಕ್ಕೆ ತಾಗದಂತೆ ಪ್ರವಾಸಿಗಳೆಲ್ಲ ಎರಡು ಸಾಲಾಗಿ ನಿಂತು ಅಂಚು ಹಿಡಿದೆವು. ಹಗುರವಾದ ಬಟ್ಟೆಯೆಂದುಕೊಂಡಿದ್ದೆ, ಗಾಳಿ ತುಂಬಿದಾಗ ಅದು ತೋಳನ್ನೇ ಜಗ್ಗಿತು.

ಮೂಲ ಬಾವುಟವನ್ನು ನೋಡಲು ಮರುದಿನ ಬೆಳಿಗ್ಗೆ ವಾಷಿಂಗ್ಟನ್ನಿನ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ಪ್ರವೇಶ ಉಚಿತ, ಬಾವುಟದ ಕೋಣೆಯಲ್ಲಿ ಫೋಟೊ ತೆಗೆಯುವಂತಿಲ್ಲ. ಮಂದ ಬೆಳಕಿಗೆ ಕಣ್ಣು ಹೊಂದಿಕೊಳ್ಳುವವರೆಗೆ ತಾಳ್ಮೆಯಿಂದ ನಿಂತಿರಿ, ಆಗ ಹದಿನೈದು ನಕ್ಷತ್ರಗಳಲ್ಲಿ ಒಂದು ಇಲ್ಲದಿರುವುದು ಕಾಣುತ್ತದೆ. ನೆನಪಿಗೆಂದು ಯಾರಿಗೋ ಅದನ್ನು ಕತ್ತರಿಸಿ ಕೊಟ್ಟಿದ್ದಾರೆ.