ಸಿಂಗಾಪುರದಿಂದ ಜೊಹೋರ್ ಬಾರುಗೆ, ವಯಸ್ಸಾದ ಅಮ್ಮನ ಜೊತೆ: ಹೋಗೋರಿಗೆ ಒಂದಷ್ಟು ಮಾಹಿತಿ

ಮೊದಲೇ ಒಂದು ಹೇಳಿಬಿಡ್ತೀನಿ, ಶುಕ್ರವಾರ ಸಾಯಂಕಾಲ ಮಾತ್ರ ಸಿಂಗಾಪುರದಿಂದ ಮಲೇಷ್ಯಾ ಕಡೆ ಹೊರಡಬೇಡಿ, ವಯಸ್ಸಾದೋರು ಜೊತೆಗಿದ್ರೆ ಬೇಡವೇ ಬೇಡ. ನಾವು ಹೊರಟ್ವಿ, ನಾನು, ನಮ್ಮೆಜಮಾನ್ರು, ಎಂಟು ವರ್ಷದ ಮಗಳು, ಮತ್ತೆ ಎಪ್ಪತ್ತು ದಾಟಿರೋ ನಮ್ಮಮ್ಮ. ಎರಡು ದೇಶದ ಮಧ್ಯೆ ಸಮುದ್ರಕ್ಕೆ ಏರಿ ಹಾಕಿ ಮಾಡಿರೋ ರಸ್ತೆ ಇದೆ, ಕಾಸ್‌ವೇ ಅಂತಾರೆ, ಒಂದು ಕಿಲೋಮೀಟರಿಗಿಂತ ಚೂರು ಜಾಸ್ತಿ ಅಷ್ಟೇ. ಅಷ್ಟು ದೂರಕ್ಕೆ ನಮಗೆ ಮೂರು ಗಂಟೆ ಹಿಡೀತು, ಅಮ್ಮ ಅಷ್ಟೊತ್ತೂ ಹೆಚ್ಚುಕಮ್ಮಿ ನಿಂತೇ ಇದ್ರು, ಅದು ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ಉರಿಯತ್ತೆ.

ಯಾಕೆ ಅಷ್ಟು ರಶ್ಶು ಅಂದ್ರೆ, ಕಾಸ್‌ವೇ ದಾಟಿದ ಕೂಡಲೇ ಸಿಗೋ ಮಲೇಷ್ಯಾದ ಊರು ಜೊಹೋರ್ ಬಾರುಲಿ (ಅಲ್ಲಿಯೋರು ಜೇಬಿ ಅಂತಾರೆ) ಮನೆ ಮಾಡಿಕೊಂಡು ಸಿಂಗಾಪುರದಲ್ಲಿ ಕೆಲಸ ಮಾಡೋ ಮಲೇಷ್ಯಾದೋರು ತುಂಬಾ ಜನ. ಸಂಬಳ ಡಾಲರಲ್ಲಿ, ಖರ್ಚು ಮಲೇಷ್ಯಾದ ದುಡ್ಡು ರಿಂಗಿಟ್ಟಲ್ಲಿ, ಒಂದು ಸಿಂಗಾಪುರ ಡಾಲರಿಗೆ ಮೂರು ರಿಂಗಿಟ್ ಮೇಲೆ ಸಿಗತ್ತೆ. ಅವರು ಬೆಳಗಿನ ಜಾವ ನಾಲ್ಕೂವರೆ ಐದಕ್ಕೆಲ್ಲ ಬೈಕಲ್ಲಿ ಬಸ್ಸಲ್ಲಿ ಹೊರಟು ಸಾಯಂಕಾಲ ವಾಪಸ್ ಹೋಗ್ತಾರೆ. ಮೊದಲು ಜೊಹೋರ್ ರಾಜ್ಯಕ್ಕೆ ಶುಕ್ರವಾರ ಶನಿವಾರ ರಜೆ ಇತ್ತು, 2025ರ ಜನವರಿ 1ರಿಂದ ಶನಿವಾರ ಭಾನುವಾರ ಮಾಡಿದಾರೆ, ಹಂಗಾಗಿ ಈಗ ಎರಡೂ ಕಡೆಯೋರಿಗೆ ಒಂದೇ ದಿನ ರಜೆ. ನೀವು ವಾರದ ಮಧ್ಯೆ, ಬೆಳಗ್ಗೆ ಹತ್ತರ ಮೇಲೆ ಹೊರಡಿ. ನಾವು ವಾಪಸ್ ಬಂದಿದ್ದು ಮಂಗಳವಾರ ಹನ್ನೊಂದು ಗಂಟೆಗೆ, ಒಂದು ಗಂಟೆನೂ ಆಗಲಿಲ್ಲ.

ಬಸ್ಸಲ್ಲಿ ಹೋಗೋದಾದ್ರೆ 170, 950 ನಂಬರಿನವು ಹೋಗ್ತವೆ, ಅಗ್ಗ. ಆದ್ರೆ ಸಿಂಗಾಪುರದ ಕಡೆ ಗಡಿಲಿರೋ ವುಡ್‌ಲ್ಯಾಂಡ್ಸ್ ಚೆಕ್‌ಪಾಯಿಂಟಲ್ಲಿ ಲಗೇಜೆಲ್ಲ ಎತ್ಕೊಂಡು ಇಳೀಬೇಕು, ಇಮಿಗ್ರೇಷನ್ ಮುಗಿಸಿ ಮತ್ತೆ ಅದೇ ನಂಬರಿನ ಇನ್ನೊಂದು ಬಸ್ಸು ಹತ್ತಬೇಕು, ಕಾಸ್‌ವೇ ದಾಟಿದ ಮೇಲೆ ಮತ್ತೆ ಇಳಿದು ಮಲೇಷ್ಯಾದ ಇಮಿಗ್ರೇಷನ್ನು. ನೀವು ಬಂದ ಬಸ್ಸು ನಿಮಗೋಸ್ಕರ ಕಾಯಲ್ಲ, ಬ್ಯಾಗು ಅದರಲ್ಲೇ ಬಿಟ್ಟು ಇಳೀಬೇಡಿ. ವಯಸ್ಸಾದೋರಿಗೆ ರೈಲು ವಾಸಿ, ಶಟಲ್ ತೆಬ್ರಾವ್ ಅಂತ, ಐದು ನಿಮಿಷದ ಪ್ರಯಾಣ, ಸಿಂಗಾಪುರದಿಂದ ಹೋಗೋವಾಗ ಎರಡೂ ದೇಶದ ಇಮಿಗ್ರೇಷನ್ನು ವುಡ್‌ಲ್ಯಾಂಡ್ಸ್ ಸ್ಟೇಷನ್ನಲ್ಲೇ ಮುಗಿಯತ್ತೆ. ಟಿಕೆಟ್ ಅಲ್ಲಿಂದ 5 ಡಾಲರ್, ಜೇಬಿಯಿಂದ ಬರೋವಾಗ 5 ರಿಂಗಿಟ್. ಬೇಗ ಖಾಲಿಯಾಗತ್ತೆ, ಇಲ್ಲಿಂದಲೇ ಬುಕ್ ಮಾಡ್ಕೊಂಡು ಹೋಗಿ.

ಪೇಪರ್ ವಿಷಯಕ್ಕೆ ಬಂದ್ರೆ, ಸಿಂಗಾಪುರಕ್ಕೆ ನಮಗೆ ವೀಸಾ ಬೇಕು, ಏಜೆಂಟ್ ಮೂಲಕ ಮಾಡಿಸಿದ್ರೆ ವೀಸಾ ಮೇಲೆ ಮಲ್ಟಿಪಲ್ ಎಂಟ್ರಿ ಅಂತ ಇದೆಯಾ ಅಂತ ಕಣ್ಣಾರೆ ನೋಡಿ, ಇಲ್ಲಾಂದ್ರೆ ಮಲೇಷ್ಯಾಗೆ ಹೋದೋರು ವಾಪಸ್ ಬಂದು ಸಿಂಗಾಪುರದಿಂದ ಫ್ಲೈಟ್ ಹಿಡಿಯಕ್ಕೆ ಆಗಲ್ಲ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬಿಡ್ತಿದೆ, 2026ರ ಕೊನೆವರೆಗೂ ಅಂತ ಹೇಳಿದಾರೆ. ಎರಡೂ ದೇಶಕ್ಕೆ ಹೋಗೋ ಮೂರು ದಿನದ ಒಳಗೆ ಆನ್‌ಲೈನಲ್ಲಿ ಅರೈವಲ್ ಕಾರ್ಡ್ ತುಂಬಬೇಕು, ಸಿಂಗಾಪುರಕ್ಕೆ ವಾಪಸ್ ಬರೋವಾಗಲೂ ಹೊಸದಾಗಿ ತುಂಬಬೇಕು. ಅದು ಪೂರ್ತಿ ಫ್ರೀ, ದುಡ್ಡು ಕೇಳೋ ಸೈಟಾದ್ರೆ ಅದು ಸರ್ಕಾರದ್ದಲ್ಲ. ಇನ್ನೊಂದು, ಊರಿಂದ ಮಸಾಲೆ ಸಾಮಾನು ಕಟ್ಕೊಂಡು ಹೋಗೋ ಅಭ್ಯಾಸ ಇರೋರು ಗಮನಿಸಿ, ಸಿಂಗಾಪುರದಲ್ಲಿ ಗಸಗಸೆ ನಿಷೇಧ, ಒಂದು ಚಿಟಿಕೆನೂ ಬೇಡ. ಕೊಡೀನ್ ಇರೋ ಕೆಮ್ಮಿನ ಸಿರಪ್ಪು, ಕೆಲವು ನಿದ್ದೆ ಮಾತ್ರೆಗೆ ಮೊದಲೇ ಪರ್ಮಿಷನ್ ಬೇಕು. ಅಮ್ಮನ ಮಾತ್ರೆಗಳಿಗೆಲ್ಲ ಡಾಕ್ಟರ್ ಚೀಟಿ ಇಟ್ಕೊಂಡಿದ್ವಿ.

ಈಗ ದಿನನಿತ್ಯದ ಓಡಾಟ. ಸಿಂಗಾಪುರದಲ್ಲಿ ನಾಲ್ಕು ದಿನ ಅಮ್ಮ ಒಂದು ಸಲಾನೂ ಮಂಡಿ ನೋವು ಅನ್ನಲಿಲ್ಲ. ಎಂಆರ್‌ಟಿ (ಅಲ್ಲಿನ ಮೆಟ್ರೋ) ಸ್ಟೇಷನ್ನಲ್ಲೆಲ್ಲ ಲಿಫ್ಟು, ಬಸ್ಸಿನ ನೆಲ ಫುಟ್‌ಪಾತಿನ ಮಟ್ಟಕ್ಕೇ ಇರತ್ತೆ, ಸರ್ಕಾರಿ ಅಪಾರ್ಟ್‌ಮೆಂಟುಗಳಿಂದ ಬಸ್‌ಸ್ಟಾಪಿನ ತನಕ ಮೇಲೆ ಚಾವಣಿ ಇರೋ ದಾರಿ, ಮಳೆ ಬಂದ್ರೂ ನೆನೆಯಲ್ಲ. ನಮ್ಮ ಬ್ಯಾಂಕ್ ಕಾರ್ಡ್ ಟ್ಯಾಪ್ ಮಾಡಿದ್ರೆ ಆಯ್ತು, ಆದ್ರೆ ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ಅಲ್ಲಿ ಕಾರು ಇಟ್ಕೊಳ್ಳಕ್ಕೆ ಹತ್ತು ವರ್ಷದ ಸರ್ಟಿಫಿಕೇಟ್ ಹರಾಜಲ್ಲಿ ತಗೋಬೇಕು, ಅದರ ರೇಟು ಲಕ್ಷ ಡಾಲರ್ ದಾಟಿದ್ದೂ ಇದೆ, ಹಂಗಾಗಿ ಸ್ವಂತ ಕಾರಿಲ್ಲದ ಮನೆಗಳೇ ಜಾಸ್ತಿ, ಬಸ್ಸು ರೈಲು ಚೆನ್ನಾಗಿಡಲೇಬೇಕು.

ಜೇಬಿ ಪೂರ್ತಿ ಉಲ್ಟಾ. ಫುಟ್‌ಪಾತ್ ಇದ್ದಕ್ಕಿದ್ದಂಗೆ ಮುಗಿದುಹೋಗತ್ತೆ, ರಸ್ತೆ ದಾಟಕ್ಕೆ ಮೆಟ್ಟಿಲು ಹತ್ತಬೇಕು, ಊರೇ ಕಾರಿಗೋಸ್ಕರ ಕಟ್ಟಿದಂಗಿದೆ. ಪೆಟ್ರೋಲಿಗೆ ಸಬ್ಸಿಡಿ ಬೇರೆ ಇದೆ. ಎಷ್ಟು ಅಗ್ಗ ಅಂದ್ರೆ ಸಿಂಗಾಪುರದ ಕಾರುಗಳು ಮುಕ್ಕಾಲು ಟ್ಯಾಂಕ್ ತುಂಬಿಸಿಕೊಂಡೇ ಗಡಿ ದಾಟಬೇಕು ಅಂತ ಸಿಂಗಾಪುರ ರೂಲ್ ಮಾಡಿದೆ, ಮಲೇಷ್ಯಾನೂ ತನ್ನ ಸಬ್ಸಿಡಿ ಪೆಟ್ರೋಲನ್ನ ಹೊರಗಿನ ಕಾರಿಗೆ ಹಾಕೋಹಂಗಿಲ್ಲ ಅಂದಿದೆ. ನೀವು ಜೇಬಿಲಿ ನಡೆಯೋ ಪ್ಲಾನ್ ಬಿಟ್ಟು ಗ್ರ್ಯಾಬ್ (ನಮ್ಮ ಓಲಾ ಥರ) ಮಾಡ್ಕೊಳ್ಳಿ, ಸಿಂಗಾಪುರದಲ್ಲಿ ಹಾಕ್ಕೊಂಡ ಆ್ಯಪೇ ನಡೆಯತ್ತೆ. ಆದ್ರೆ ಒಂದು ಮಾತು ಹೇಳಲೇಬೇಕು, ಅಲ್ಲಿ ಡ್ರೈವರ್‌ಗಳು ತಾವೇ ಇಳಿದು ಅಮ್ಮನ ಕೈ ಹಿಡಿದು ಹತ್ತಿಸಿದ್ರು, ಒಬ್ಬರಂತೂ ಅಮ್ಮಂಗೆ ತಮಿಳು ಬರತ್ತೆ ಅಂತ ಗೊತ್ತಾಗಿದ್ದೇ ಜೇಬಿಯ ಗಾಜಿನ ದೇವಸ್ಥಾನ ನಾವು ನೋಡಿ ಮುಗಿಸೋವರೆಗೂ ಕಾದು ವಾಪಸ್ ಬಿಟ್ಟು ಹೋದ್ರು.

ನೀರು. ಸಿಂಗಾಪುರದಲ್ಲಿ ನಲ್ಲಿ ನೀರು ಹಂಗೇ ಕುಡೀಬಹುದು, ಜೇಬಿಲಿ ನಾವು ಕಾಯಿಸಿ ಕುಡಿದ್ವಿ. ಕಾಸ್‌ವೇ ಪಕ್ಕದಲ್ಲಿ ದಪ್ಪ ಪೈಪು ಹೋಗಿರೋದು ಕಾಣತ್ತೆ, ಜೊಹೋರ್ ನದಿ ನೀರು ಸಿಂಗಾಪುರಕ್ಕೆ ಹೋಗೋದು ಅದರಲ್ಲೇ. 1962ರ ಒಪ್ಪಂದ, 2061ರವರೆಗೆ ದಿನಕ್ಕೆ 25 ಕೋಟಿ ಗ್ಯಾಲನ್ ತನಕ ತಗೋಬಹುದು, ಸಾವಿರ ಗ್ಯಾಲನ್ನಿಗೆ 3 ಸೆನ್ (ನೂರು ಸೆನ್ ಅಂದ್ರೆ ಒಂದು ರಿಂಗಿಟ್). ಮಂಡ್ಯದ ಕಡೆಯೋರಾದ ನಮ್ಮಮ್ಮಂಗೆ ಇದನ್ನ ಹೇಳಿದ್ರೆ ಬಸ್ಸಿನ ಕಿಟಕಿಯಿಂದ ಕಣ್ಣು ತೆಗೀಲೇ ಇಲ್ಲ, ಗಲಾಟೆ ಆಗಲ್ವಾ ಅಂದ್ರು. ರೇಟಿನ ಬಗ್ಗೆ ಎರಡೂ ದೇಶಕ್ಕೂ ವರ್ಷಗಟ್ಟಲೆ ತಕರಾರು ನಡೆದಿದೆ, ಆದ್ರೂ ನೀರು ಮಾತ್ರ ಬರ್ತಾನೇ ಇದೆ ಅಂದೆ.

ಊಟಕ್ಕೆ ಸಿಂಗಾಪುರದಲ್ಲಿ ಲಿಟಲ್ ಇಂಡಿಯಾ ಹತ್ರ ರೂಮ್ ಮಾಡಿದ್ರೆ ಯೋಚನೆ ಇಲ್ಲ. ಹಾಕರ್ ಸೆಂಟರಲ್ಲಿ (ಒಂದೇ ಸೂರಿನಡಿ ಸಾಲಾಗಿ ಊಟದ ಅಂಗಡಿಗಳಿರೋ ಜಾಗ) ತಿಂದ ಮೇಲೆ ಟ್ರೇ ನೀವೇ ವಾಪಸ್ ಇಡಬೇಕು, ಬಿಟ್ಟು ಎದ್ದರೆ ದಂಡ ಬೀಳಬಹುದು. ಜೇಬಿಲಿ ಸಸ್ಯಾಹಾರಿಗಳು ಕೇಳಿ ಕೇಳಿ ತಿನ್ನಿ, ಬರೀ ಸೊಪ್ಪಿನ ಪಲ್ಯ ಅಂದ್ಕೊಂಡ್ರೆ ಅದರಲ್ಲಿ ಬೆಲಚಾನ್ ಅನ್ನೋ ಸೀಗಡಿ ಪೇಸ್ಟ್ ಇರತ್ತೆ, ನಾಸಿ ಲೆಮಾಕ್ ಅನ್ನೋ ತೆಂಗಿನಹಾಲಿನ ಅನ್ನದ ಮೇಲೆ ಸಣ್ಣ ಒಣಮೀನು ಹಾಕ್ತಾರೆ. ನಮ್ಮ ಪರೋಟ ಥರದ್ದು, ಸಿಂಗಾಪುರದಲ್ಲಿ ಪ್ರಾಟಾ ಅನ್ನೋದೇ ಜೇಬಿಲಿ ರೊಟಿ ಚನಾಯ್, ಮಗಳು ಮೂರು ದಿನ ಅದರ ಮೇಲೇ ಇದ್ಲು.

ಜೇಬಿಲಿ ಅಮ್ಮಂಗೆ ಜ್ವರ ಬಂತು. ಹೋಟೆಲ್ ಎದುರಿನ ಪ್ರೈವೇಟ್ ಕ್ಲಿನಿಕ್ಕಲ್ಲಿ ಡಾಕ್ಟರೇ ನೋಡಿ ಮಾತ್ರೆನೂ ಅಲ್ಲೇ ಕೊಟ್ರು, ಎಲ್ಲ ಸೇರಿ 65 ರಿಂಗಿಟ್. ಸಿಂಗಾಪುರದಲ್ಲಿ ನಮ್ಮಂಥ ಪ್ರವಾಸಿಗಳಿಗೆ ಆಸ್ಪತ್ರೆ ಸೇರೋಹಂಗಾದ್ರೆ ಬಿಲ್ಲು ಭಯಂಕರ, ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಬೇಡಿ, ಎರಡೂ ದೇಶ ಸೇರಿರೋ ಪಾಲಿಸಿನೇ ಮಾಡಿಸಿ.

ಈಗ ವುಡ್‌ಲ್ಯಾಂಡ್ಸ್‌ನಿಂದ ಜೇಬಿಗೆ ಆರ್‌ಟಿಎಸ್ ಅಂತ ಹೊಸ ಮೆಟ್ರೋ ಲೈನ್ ಕಟ್ಟಿದಾರೆ, ನಾಲ್ಕು ಕಿಲೋಮೀಟರು, 2026ರ ಕೊನೆಗೆ ಶುರು ಮಾಡೋ ಗುರಿ ಅಂತೆ. ನೀವು ಹೋಗೋ ಹೊತ್ತಿಗೆ ಅದು ಓಡ್ತಿದ್ರೆ ಬಸ್ಸು ಗಿಸ್ಸು ಬಿಟ್ಟು ಅದರಲ್ಲೇ ಹೋಗಿ.