ತ್ರಿವುಡೆ ಈಗ ನಡುವೆ ಕಡಿಯುವುದಿಲ್ಲ

ಯಕ್ಷಗಾನದ ತಾಳ ಕಲಿಸುವ ನಮ್ಮ ಪುಟ್ಟ ವೆಬ್‌ಸೈಟಿನಲ್ಲಿ ಇಷ್ಟು ದಿನ ಬರೀ ಬರಹ ಇತ್ತು. ತಾಳ ಓದಿ ಕಲಿಯುವಂಥದ್ದಲ್ಲ, ಅಲ್ವಾ? ಹಾಗಾಗಿ ಮಳೆಗಾಲದ ಈ ಆಟಿ ತಿಂಗಳಲ್ಲಿ ಆಡಿಯೋ, ವಿಡಿಯೋ ಸೇರಿಸುವ ಕೆಲಸಕ್ಕೆ ಕೂತೆ.

ಉಡುಪಿಯ ಮಳೆ, ಮೇಲೆ ತಗಡಿನ ಮಾಡು. ಮೊದಲ ದಿನದ ರೆಕಾರ್ಡಿಂಗ್ ಪೂರ್ತಿ ಹಾಳು. ಮರುದಿನ ಬೆಳಿಗ್ಗೆ ಮಳೆ ಬಿಟ್ಟ ಹೊತ್ತು ನೋಡಿ ಗುರುಗಳ ಮನೆಯ ಒಳಕೋಣೆಯಲ್ಲಿ ಮಾಡಿದೆವು. ಫೋನು ಚೆಂಡೆಯ ಹತ್ತಿರ ಇದ್ದರೆ ಪ್ರತಿ ಪೆಟ್ಟೂ ಒಡೆದು ಕೇಳುತ್ತದೆ. ಹಾಗೆ ಒಡೆದದ್ದನ್ನು ಆಮೇಲೆ ಸರಿ ಮಾಡುವುದು ತುಂಬಾ ಕಷ್ಟ. ಹತ್ತು ಅಡಿ ದೂರ ಇಟ್ಟೆ. ಮದ್ದಳೆಗೆ ನಾಲ್ಕು ಅಡಿ ಸಾಕಾಯಿತು.

ನಿಜವಾದ ತೊಂದರೆ ಶುರುವಾದದ್ದು ಇದಾದ ಮೇಲೆ. ತ್ರಿವುಡೆ ತಾಳಕ್ಕೆ 7 ಅಕ್ಷರ, ಅಂದರೆ ಏಳು ಎಣಿಕೆ. ಒಂದು ಆವರ್ತ (ಪೂರ್ತಿ ಒಂದು ಸುತ್ತು) ಕತ್ತರಿಸಿ, ಎಂಪಿ3 ಮಾಡಿ, ಮತ್ತೆ ಮತ್ತೆ ನುಡಿಯುವಂತೆ ಲೂಪ್ ಹಾಕಿದೆ. ಏಳು ಮುಗಿದು ಮತ್ತೆ ಒಂದಕ್ಕೆ ಬರುವಾಗ ಚೂರು ತಡೆಯುತ್ತಿತ್ತು. ನನಗೆ ಮೊದಲು ಗೊತ್ತೇ ಆಗಲಿಲ್ಲ. ಗುರುಗಳು ಎರಡನೇ ಸುತ್ತಿಗೇ ಕೈ ನಿಲ್ಲಿಸಿದರು. "ಇದರೊಟ್ಟಿಗೆ ಅಭ್ಯಾಸ ಮಾಡಿದ ಮಕ್ಕಳಿಗೆ ತಾಳ ಕೂರುವುದಿಲ್ಲ ಮಾರಾಯ" ಅಂದರು.

ಕಾರಣ ಹುಡುಕಲು ಎರಡು ರಾತ್ರಿ ಹೋಯಿತು. ಎಂಪಿ3 ಮಾಡುವಾಗ ಫೈಲಿನ ಮೊದಲಿಗೂ ಕೊನೆಗೂ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಸೆಕೆಂಡಿನ ಸಣ್ಣ ಪಾಲು ಅಷ್ಟೇ. ಪಾಠ ಹೇಳುವ ದನಿಗೆ ಅದು ಲೆಕ್ಕಕ್ಕಿಲ್ಲ, ತಾಳಕ್ಕೆ ಮಾತ್ರ ಎಲ್ಲವೂ ಅದೇ. ಈಗ ಲೂಪಿಗೆ ಹಾಗೆ ಮೌನ ಸೇರದ ವೇವ್ ಫೈಲ್ ಇಟ್ಟು, ಪುಟದಲ್ಲಿ ದನಿ ಹಾಕುವ ಮಾಮೂಲಿ ಆಡಿಯೋ ಟ್ಯಾಗ್ ಬಿಟ್ಟು, ಬ್ರೌಸರಿನದೇ ವೆಬ್ ಆಡಿಯೋ ಎಂಬ ಸೌಲಭ್ಯದಲ್ಲಿ ನುಡಿಸುತ್ತಿದ್ದೇನೆ. ನಿಮಿಷಕ್ಕೆ 60 ಅಕ್ಷರದ ಕಾಲದಲ್ಲಿ ಒಂದು ಆವರ್ತಕ್ಕೆ 7 ಸೆಕೆಂಡ್. ಮೊನೋದಲ್ಲಿ (ಒಂದೇ ಚಾನೆಲ್) ಫೈಲು ಸುಮಾರು 600 ಕೆಬಿ. ಅಷ್ಟು ಭಾರ ಒಪ್ಪಬಹುದು.

ಒಂದು ಕಳೆದುಕೊಂಡೆ. ಆಡಿಯೋ ಟ್ಯಾಗಿನಲ್ಲಿ ವೇಗ ಇಳಿಸಿದರೂ ಶ್ರುತಿ ಹಾಗೇ ಉಳಿಯುತ್ತದೆ. ನನ್ನ ಈ ದಾರಿಯಲ್ಲಿ ವೇಗದ ಜೊತೆ ಮದ್ದಳೆಯ ಶ್ರುತಿಯೂ ಇಳಿಯಿತು. ಅದಕ್ಕೇ ನಿಧಾನ, ಮಧ್ಯ, ವೇಗ ಅಂತ ಮೂರು ಕಾಲಕ್ಕೂ ಬೇರೆ ಬೇರೆ ರೆಕಾರ್ಡ್ ಮಾಡಿದೆವು. ಇದೇ ಒಳ್ಳೆಯದಾಯಿತು ಅನ್ನಿಸುತ್ತದೆ. ನಿಧಾನ ಕಾಲದಲ್ಲಿ ಗುರುಗಳು ನಡುವೆ ತುಂಬುವ ಪೆಟ್ಟುಗಳೇ ಬೇರೆ. ಯಂತ್ರ ಎಳೆದು ಉದ್ದ ಮಾಡಿದರೆ ಅವು ಎಲ್ಲಿಂದ ಬರಬೇಕು?

ವಿಡಿಯೋದ್ದು ಬೇಗ ಮುಗಿಯಿತು. ಎಚ್.264 ಎಂಬ ವಿಡಿಯೋ ಸಂಕುಚನ ಇರುವ ಎಂಪಿ4. ಯಾವುದು ಎಲ್ಲಿದೆ ಎಂದು ಹೇಳುವ ಫೈಲಿನ ಸೂಚಿ ಕೊನೆಯಲ್ಲಿತ್ತು, ವಿಡಿಯೋ ಪರಿವರ್ತಿಸುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನ ಫಾಸ್ಟ್‌ಸ್ಟಾರ್ಟ್ ಹಾಕಿ ಮುಂದಕ್ಕೆ ತಂದೆ. ಈಗ ಪೂರ್ತಿ ಇಳಿಯುವ ಮೊದಲೇ ಶುರುವಾಗುತ್ತದೆ. ಒತ್ತುವವರೆಗೆ ಏನೂ ಇಳಿಯದಂತೆ ಪ್ರೀಲೋಡ್ ಕೂಡ ನಿಲ್ಲಿಸಿದ್ದೇನೆ. ಮಕ್ಕಳು ನೋಡುವುದು ಅಮ್ಮನ ಫೋನಿನಲ್ಲಿ, ಡೇಟಾ ಸುಮ್ನೆ ಖಾಲಿಯಾಗಬಾರದು.

ನಿನ್ನೆ ಗುರುಗಳು ಅದೇ ಲೂಪಿಗೆ ಕೈತಾಳ ಹಾಕುತ್ತಾ ಹತ್ತು ನಿಮಿಷ ಕೂತರು. ಮುಂದಿನದು ಝಂಪೆ, 10 ಅಕ್ಷರ. ಭಾನುವಾರ ಮಳೆ ಬಿಟ್ಟರೆ ರೆಕಾರ್ಡಿಂಗ್.